ಹುಣ್ಣಿಮೆಯ ಮರುದಿನ

ಹಾರವಾಡದ ಮರಳಲ್ಲಿ ಬಲೆ ಹರವಿಕೊಂಡು
ಶೇವಂತಕ್ಕ ಏಡಿ ಬಿಡಿಸುತ್ತಾಳೆ.
ಕೊಂಬು ಮುರಿದರೆ ದರ ಇಲ್ಲ,
ನೂಲು ಹರಿದರೆ ಗಂಡನ ಬಾಯಿ.
ಅವಳ ಬೆರಳಿಗೆ ಎರಡೂ ಗೊತ್ತು.

ಬೆನ್ನ ಮೇಲೆ ಮೂರು ಚುಕ್ಕೆ,
ಯಾರೋ ಬೀಡಿಯ ತುದಿ ಒತ್ತಿದ ಹಾಗೆ.
ಕೊನೆಯ ಜೋಡಿ ಕಾಲು ಮಾತ್ರ ಚಪ್ಪಟೆ.
"ನೋಡು, ಹುಟ್ಟುವಾಗಲೇ ಹುಟ್ಟು ತಂದಿದೆ.
ನಮ್ಮವರು ದುಡ್ಡು ಕೊಟ್ಟು ಕೆತ್ತಿಸಬೇಕು."

ನಿನ್ನೆ ಹುಣ್ಣಿಮೆ.
ಒಂದೊಂದನ್ನೂ ಅಂಗೈಯಲ್ಲಿ ತೂಗುತ್ತಾಳೆ.
ಪೊಳ್ಳು. ಪೊಳ್ಳು. ಇದೂ ಪೊಳ್ಳು.
ಬೆಳದಿಂಗಳು ಮಾಂಸ ತಿನ್ನುತ್ತದಂತೆ.
ಅಂಕೋಲೆಯ ಕಾಲೇಜಲ್ಲಿ ಓದಿದ ನಾನು
"ಹಳೇ ಚಿಪ್ಪು ಕಳಚಿದೆ ಅಕ್ಕಾ,
ಹೊಸದರೊಳಗೆ ಇನ್ನೂ ತುಂಬಿಕೊಂಡಿಲ್ಲ" ಅಂದೆ.
"ಮದುವೆಯಾದ ವರ್ಷ ನಾನೂ ಹಾಗೇ ಇದ್ದೆ"
ಅನ್ನುತ್ತ ಒಂದನ್ನು ನೀರಿಗೆಸೆದಳು.

ಅದು ಓಡಲಿಲ್ಲ.
ಹಿಂದು ಹಿಂದಕ್ಕೆ ಮರಳೊಳಗೆ ಇಳಿದು
ಎರಡು ಕಣ್ಣು ಮಾತ್ರ ಮೇಲಿಟ್ಟು
ಕೂತು ನೋಡಿತು ನಮ್ಮನ್ನು,
ನಮ್ಮ ಬುಟ್ಟಿಯನ್ನು, ಬುಟ್ಟಿಯ ಸದ್ದನ್ನು.
ಅಲೆಯೊಂದು ಬಂತು, ಹೋಯಿತು.
ಬರೀ ಮರಳು.
ದೂರದ ತಿಳಿ ಹಸಿರಿನಲ್ಲಿ
ಅಡ್ಡಡ್ಡ ಈಸುವ ಒಂದು ನೆರಳು, ಅದೇನೋ ಬೇರೆಯದೋ.

ಬಲೆ ಮಡಚುವಾಗ ಸಿಕ್ಕಿತು,
ಮೈ ಇಲ್ಲದ ಒಂಟಿ ಕೊಂಬು.
ನೂಲನ್ನು ಇನ್ನೂ ಬಿಟ್ಟಿರಲಿಲ್ಲ.