ಚಿಮಣಿಗೊಂದು ಕೆಲಸ

ಬಾಗಿಲ ಹಿಂದ ಇದ್ದಲಿಲೆ ಬರದೇನಿ.
ಬರದೇನಿ ಅಂದ್ರ ಅಕ್ಷರ ಅಲ್ಲ, ಚಿತ್ರ.
ಕೊಡ ಒಂದು. ಕಸಬರಿಗಿ ಒಂದು. ತಾಟು, ವಾಟಗಾ.
ಚಿತ್ರದ ಕೆಳಗ ಗೆರಿ:
ಉದ್ದಂದು ಸಿದ್ರಾಮ, ನಡುವಿಂದು ಮಾನಂದಾ,
ಕಡೀಗೆ, ಅಕ್ಕಿಕಾಳಿನಷ್ಟು, ಚಿಮಣಿ.

ಚಿಮಣಿ ಅಂದ್ರ ಮಗ್ಗಲಮನಿ ಸುಮನತಾಯಿಗೆ ಗುಬ್ಬಿ,
ನಮಗ ದೀಪ.
ದೀಪ ಆದರೂ ಇಟ್ಟಲ್ಲೇ ಕೂಡ್ತದ.

ಸೋಲಾಪುರದಾಗ ನಮ್ಮ ಓಣಿಗೆ ನಾಕು ದಿನಕ್ಕೊಮ್ಮಿ ನಳ.
ನಳ ಬಂದ ದಿನ ಪಟ್ಟಿ ನಡಿಯೂದಿಲ್ಲ,
ಆವತ್ತು ಎಲ್ಲಾರೂ ನೀರಿನ ಆಳುಗಳು,
ಬಕೀಟು, ಘಾಗರಿ, ಚಹಾದ ಕಿಟ್ಲಿ ಸುದ್ದಾ ತುಂಬ್ತೇವಿ.
ಉಳಿದ ದಿನ ಸಿದ್ರಾಮ ನೀರಿನ ಸಾಹುಕಾರ,
ಯಾರಿಗೆಷ್ಟು ತಂಬಿಗಿ, ಅವಂದ ಲೆಕ್ಕ.
ನಿನ್ನೆ ಎರಡು ತಂಬಿಗಿ ಹೆಚ್ಚು ಸುರಕೊಂಡೆ ಅಂತ
ನನಗೂ ಗದರಿಸಿದ. ಗದರಿಸಲಿ.

ಮಾನಂದಾ ಹಾಸಿಗಿ ಸುತ್ತತಾಳ, ಕಸ ಹೊಡಿತಾಳ,
ಮೂಲಿ ಬಿಡತಾಳ.
ಮೂಲ್ಯಾಗ ಹಲ್ಲಿ ಅದ ಅಂತ,
ತನ್ನ ಮನಿ ತಾನ ಹೊಡಕೊಳ್ಳಲಿ ಅಂತ.
ಈ ವಾರ ಬದಲಿ ಮಾಡೇನಿ: ಅವಗ ಕಸ, ಇಕಿಗೆ ನೀರು.
ಗಂಡಮಗನ ಕೈಯಾಗ ಕಸಬರಿಗಿ ಯಾಕ, ಅಂದ್ರು ಅತ್ತಿ.
ಕಸಕ್ಕೇನು ಗೊತ್ತರಿ, ಯಾರ ಕೈ ಅಂತ.

ಆದರ ಒಂದು ಮಾತು.
ಬಾಗಿಲ ಹಿಂದ ಮೊರದ ಚಿತ್ರ ಇಲ್ಲ.
ಮೊರದಾಗ ನನ್ನ ಎಲಿ, ನನ್ನ ತಂಬಾಕು, ನನ್ನ ಕೆಂಪು ದಾರ.
ದಿನಕ್ಕ ಸಾವಿರ ಬೀಡಿ,
ಮುಕಾದಮ ಆರಿಸಿ ಒಗಿಯೂವು ಬ್ಯಾರೆ.

ನಾ ಆರು ವರ್ಷದಾಕಿ ಇದ್ದಾಗ ಅವ್ವ ಅಂದಿದ್ದಳು,
ಬರೇ ಬಾಯಿ ಮಡಚು ಸಾಕು, ಆಟ ಇದ್ದಂಗ.
ನಿನ್ನ ಬೆರಳು ಎಷ್ಟು ಸಣ್ಣವು ನೋಡು, ಅಂತ ಹೊಗಳಿದ್ದಳು.
ಎಂಟಕ್ಕ ದಾರ. ಹತ್ತಕ್ಕ ಕತ್ತರಿ.
ಸಾಲಿ ಪಾಟಿ ಎಲ್ಲಿ ಹೋತೋ,
ಉಪ್ಪಿನ ಗಡಿಗಿ ಮುಚ್ಚಾಕ ಹೋತು ಅಂತ ಆಮ್ಯಾಲೆ ನೋಡಿದೆ.
ಅವ್ವನ ಮ್ಯಾಲೆ ಸಿಟ್ಟಿಲ್ಲ.
ಅಕಿ ಕೆಮ್ಮು ಈಗ ನನ್ನ ಕಡೆ ಅದ.

ಮೊನ್ನೆ ಗಿರಣಿಗೆ ಜ್ವಾಳ ಕೊಟ್ಟು ಬರೂದ್ರಾಗ
ಅತ್ತಿ ತೂಕಡಸ್ತಿದ್ರು,
ಚಿಮಣಿ ಮೊರದ ಮುಂದ ಕುಂತಿದ್ದಳು, ನನ್ನಂಗ, ಕಾಲು ಚಾಚಿ.
ಮೂರು ಬೀಡಿ ಬಾಯಿ ಮಡಚಿ ಸಾಲಾಗಿ ಇಟ್ಟಿದ್ದಳು.
ಚಲೋ ಮಡಚಿದ್ದಳು. ಭಾಳ ಚಲೋ.
ಅದಕ್ಕ ಎದಿ ಝಲ್ ಅಂತು.

ಹೊಡಿಲಿಲ್ಲ. ಬೆರಳು ತೊಳದೆ, ಒಂದೊಂದಾಗಿ,
ಸಿದ್ರಾಮನ್ನ ಕೇಳದ ಒಂದು ಪೂರ್ತಿ ತಂಬಿಗಿ ಸುರುವಿ.
ಎಲ್ಲಾರಿಗೂ ಕೆಲಸ ಅದ, ನನಗ ಇಲ್ಲ, ಅಂತ ಬಿಕ್ಕಿದಳು.
ಖರೇನ. ಅಕ್ಕಿಕಾಳಿನಷ್ಟು ಗೆರಿ ಎಳದಿದ್ದೆ,
ಅದರ ಮ್ಯಾಲೆ ಏನೂ ಬರದಿದ್ದಿಲ್ಲ.

ರಾತ್ರಿ ಇದ್ದಲಿ ಹುಡುಕಿ ಒಂದು ಚಪ್ಪಲ್ ಬರದೆ.
ಹೊಸ್ತಿಲ ಹೊರಗಿನ ಚಪ್ಪಲ್ ಎಲ್ಲಾ ಜೋಡಿ ಮಾಡಿ ಇಡೂದು,
ದಿನಾ, ಮರೀದಂಗ.
ಬೆಳಿಗ್ಗೆ ನೋಡಿದ್ರ ಜೋಡಿ ಮಾಡ್ಯಾಳ:
ನಂದೊಂದು, ಅತ್ತೀದೊಂದು.
ಇದೇನ ಅಂದ್ರ, ಇವು ಮಾತಾಡೂದಿಲ್ಲಲ್ಲ, ಅದಕ್ಕ, ಅಂದಳು.
ಅತ್ತಿ ಸೀರಿ ಸೆರಗು ಬಾಯಿಗೆ ಹಿಡಕೊಂಡ್ರು.
ನಕ್ಕರೋ ಏನೋ.

ಬುಟ್ಟಿ ಬಗಲಾಗ ಇಟಗೊಂಡು ಬ್ರಾಂಚಿಗೆ ಹೋದೆ.
ಮುಕಾದಮ ಕಟ್ಟು ಬಿಚ್ಚಿ ಎಣಿಸಿದ, ಮತ್ತೊಮ್ಮಿ ಎಣಿಸಿದ.
ಆ ಮೂರೂ ಬಿಚ್ಚಿ, ತಂಬಾಕು ಡಬ್ಬಿಗೆ,
ಎಲಿ ಒಲಿಗೆ ಹಾಕಿ ಬಂದಿದ್ದೆ.
ಮೂರು ಕಡಿಮಿ ಅದಾವಲ್ಲ ಬಾಯಿ, ಅಂದ.
ಹೌದ್ರಿ, ಅಂದೆ.
ಕಡಿಮೀನ.