ಊಟ ಮುಗಿಸುವ ಸದ್ದು

ತ್ಯೇರ್ ಪಟ್ಟಣದ ಏರುಬೀದಿಯಲ್ಲಿ
ಮೂರು ಬಾಗಿಲು ದಾಟಿದರೆ ಒಂದು ಚಾಕುವಿನಂಗಡಿ.
ನಾನು ಲಿಫ್ಟ್ ರಿಪೇರಿಯವಳು, ಕ್ಲೆರ್ಮಾಂನಿಂದ ಬಂದವಳು;
ಶನಿವಾರ, ಒಂದು ಚಾಕು ಕೊಳ್ಳಬೇಕು. ಒಂದೇ.
ಎರಡಕ್ಕೆ ದುಡ್ಡಿಲ್ಲ, ಎರಡನೇ ಜೇಬು ತೂತು.

ಮದಾಂ ಸೊವಾನ್ಯಾ ಗಾಜಿನ ಮೇಲೆ ಎರಡನ್ನೂ ಇಟ್ಟಳು.
ಎಡಕ್ಕೆ ಕೆಂಪು ಮೈಯದು, ಮಗುಚಿ ಬಿದ್ದ ಏಡಿಯ ಹಾಗೆ
ಕಾಲೆಲ್ಲ ಚಾಚಿಕೊಂಡು:
ಕತ್ತರಿ, ಗರಗಸ, ಬಿರಡೆ ಕೀಳುವ ಸುರುಳಿ,
ಹಲ್ಲುಕಡ್ಡಿ, ಭೂತಗನ್ನಡಿ,
ಏತಕ್ಕೆಂದು ಅವಳಿಗೂ ಗೊತ್ತಿಲ್ಲದ ಒಂದು ಕೊಕ್ಕೆ.
ಬಲಕ್ಕೆ ಕೊಂಬಿನ ಹಿಡಿ, ಒಂದೇ ಅಲಗು.
ಅಷ್ಟೇ. ಬಾಯಿ ಮುಚ್ಚಿ ಮಲಗಿತ್ತು.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರೆ.
ಮುತ್ತಿನಿಂದ ಸ್ಕ್ರೂ ತಿರುಗುವುದಿಲ್ಲ.

ನನ್ನ ಹಳೆಯದು, ಕೆಂಪಿನದೇ ಜಾತಿ,
ಮೊದಲ ಸಂಬಳದ್ದು, ಇಪ್ಪತ್ತೆಂಟು ವರ್ಷ ತೊಡೆಗೆ ತಾಗಿಕೊಂಡಿದ್ದದ್ದು.
ಒಮ್ಮೆ ನಾಲ್ಕು ಐದರ ನಡುವೆ ಸಿಕ್ಕಿಕೊಂಡು
ಹುಡುಗನೊಬ್ಬ ಅಳುತ್ತಿದ್ದ;
ಸಂದಿಯಲ್ಲಿ ಭೂತಗನ್ನಡಿ ಹಿಡಿದು
ನನ್ನ ಒಂದು ಕಣ್ಣನ್ನು ದೊಡ್ಡದು ಮಾಡಿ ತೋರಿಸಿದ್ದೆ.
ಕರೆಂಟು ಬಂದ ಮೇಲೂ ಅವನು ಇಳಿಯಲಿಲ್ಲ,
ಇನ್ನೊಂದು ಕಾಲು ಬಿಚ್ಚು ಅಂತ ಹಟ.
ಅದು ಹೋದ ವಾರ ಬಾಗಿಲ ಸಂದಿನಿಂದ ಜಾರಿ
ಎಂಟು ಮಹಡಿ ಇಳಿಯಿತು, ಲಿಫ್ಟಿಲ್ಲದೆ.
ಗುಂಡಿಯ ಎಣ್ಣೆನೀರಲ್ಲಿ ಕೈಯಾಡಿಸಿ ತೆಗೆದೆ:
ಬೆನ್ನು ಮುರಿದಿತ್ತು. ಕತ್ತರಿ ಮಾತ್ರ ಇನ್ನೂ ಕಚ್ಚುತ್ತಿತ್ತು.

ಕೊಂಬಿನ ಹಿಡಿಯದು ಫಿರ್ಮಾಂ ತಾತನಿಗಿತ್ತು.
ದ್ಯುರೋಲ್ ಹೊಳೆಯ ಮೇಲೆ ಹಲಗೆ, ಹಲಗೆಯ ಮೇಲೆ ಬೋರಲು ತಾತ,
ಮೂಗಿನ ಕೆಳಗೆ ಸಾಣೆಕಲ್ಲು,
ಮೀನಖಂಡದ ಮೇಲೆ ಬೆಚ್ಚಗೆ ಮಲಗಿದ ನಾಯಿ.
ಊರಿನ ಚಾಕುಗಳನ್ನೆಲ್ಲ ಮಸೆದು ಬಂದು
ರಾತ್ರಿ ತನ್ನದನ್ನೂ ಮಸೆಯುತ್ತಿದ್ದ;
ಮಸೆದು ಮಸೆದು ಅಲಗು ಮೀನಿನ ಮುಳ್ಳಾಗಿತ್ತು.
ತಾತ ಸತ್ತಾಗ ಚಾಕು ಅಣ್ಣ ಗಾಸ್ಪಾರನಿಗೆ.
ನನಗೆ ನಾಯಿಯ ಕೊರಳಪಟ್ಟಿ.

ಭಾನುವಾರದ ಮೇಜು.
ತಾತ ಅಲಗನ್ನು ರೊಟ್ಟಿಗೆ ಒರೆಸಿ, ಆ ರೊಟ್ಟಿಯನ್ನೂ ತಿಂದು,
ಹೆಬ್ಬೆರಳಲ್ಲಿ ಮಡಚಿದರೆ
ಟಕ್.
ಊಟ ಮುಗಿಯಿತು.
ಬಾಯಲ್ಲಿ ಚೀಸ್ ಇದ್ದವರೂ ಏಳಬೇಕು.
ಎಲ್ಲರಿಗೂ ಬಡಿಸಿ ಕಡೆಗೆ ಕೂತ ಅಮ್ಮ
ಆಗಷ್ಟೇ ಚಮಚ ಎತ್ತಿರುತ್ತಿದ್ದಳು.
ಹದಿನೇಳು ವರ್ಷ ಅರ್ಧ ಸೂಪಿನ ಮೇಲೆ ಬದುಕಿದಳು,
ಉಳಿದರ್ಧ ಅಡಿಗೆಮನೆಯಲ್ಲಿ, ನಿಂತುಕೊಂಡು.

ಕಡೆಕಡೆಗೆ ಆಸ್ಪತ್ರೆಯಲ್ಲಿ
ಕೆಂಪು ಚಾಕುವಿನ ಪುಟ್ಟ ಕತ್ತರಿಯಿಂದ ಅವಳ ಉಗುರು ತೆಗೆಯುತ್ತಿದ್ದೆ.
ಆಮೇಲೆ ಅವಳು ಸೂಪು ಕುಡಿಯುವಾಗ
ಒಂದೊಂದೇ ಕಾಲು ಒಳಗೆ ಮಡಚುತ್ತಿದ್ದೆ,
ಗರಗಸ ಮಡಚಿ, ಮತ್ತೆ ಬಿಚ್ಚಿ.
ಅದು ಮುಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ.
ಅದರ ಸದ್ದಿಗೆ ಯಾರೂ ಏಳುವುದಿಲ್ಲ.
ಮುಗೀತಾ ಅಂದರೆ ಇರು ಅನ್ನುತ್ತಿದ್ದಳು,
ಬಟ್ಟಲಿನ ತಳ ಕೆರೆಯುತ್ತ.

"ಯಾವುದು?" ಮದಾಂ ಕೇಳಿದಳು,
ಉತ್ತರಕ್ಕೆ ಕಾಯದೆ ಕೊಂಬಿನದನ್ನು ಬಿಚ್ಚಿ, ತೋರಿಸಿ, ಮಡಚಿದಳು.
ಟಕ್.
ಸ್ಟೂಲಿನಿಂದ ಎದ್ದು ನಿಂತಿದ್ದೆ ನಾನು.
ಐವತ್ತೆರಡು ವಯಸ್ಸು, ಮಂಡಿನೋವು, ಏಳು ಅಂತ ಯಾರೂ ಹೇಳಿರಲಿಲ್ಲ.
ನಗು ಬಂತು, ಆಮೇಲೆ ಸಿಟ್ಟು.
ಮತ್ತೆ ಕೂತೆ. ಬೇಕೆಂದೇ.
"ಅದನ್ನೇ ಕೊಡಿ" ಅಂದೆ.

ಈಗ ಹೊಳೆಯ ಕಟ್ಟೆಯ ಮೇಲೆ ಕೂತಿದ್ದೇನೆ.
ಒಂದು ಪೇರ್ ಹಣ್ಣು, ರೊಟ್ಟಿ, ಒಂದು ತುಂಡು ಗಟ್ಟಿ ಚೀಸ್.
ಅಲಗು ಚೆನ್ನಾಗಿದೆ, ಸುಳ್ಳು ಹೇಳಬಾರದು;
ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತದೆ.
ಸೋಮವಾರ ಬೆಳಿಗ್ಗೆ ಸ್ಕ್ರೂ ಎದುರಾದರೆ
ಉಗುರಲ್ಲಿ ತಿರುಗಿಸುತ್ತೇನೋ, ಪಕ್ಕದವನನ್ನು ಬೇಡುತ್ತೇನೋ.
ಹಣ್ಣು ಮುಗಿಯಿತು. ಬೀಜ ನೀರಿಗೆಸೆದೆ.
ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ.
ಅಲಗನ್ನು ರೊಟ್ಟಿಗೆ ಒರೆಸಿದೆ, ರೊಟ್ಟಿ ತಿಂದೆ,
ಚಾಕುವನ್ನು ಕಲ್ಲಿನ ಮೇಲೆ
ಬಿಚ್ಚಿಯೇ ಇಟ್ಟಿದ್ದೇನೆ.