ಒಂದಗುಳು

ಟ್ರೆಗಾರನ್ನಿನ ಆಚೆ, ಕುರಿ ಕಾಯುವ ಗೇಟು ಮೂರು ದಾಟಿ
ಡಿಲಿಸ್ ಪ್ರಾಸರ್ ಮನೆ. ಕಾಲಿನ ಹುಣ್ಣಿಗೆ
ಪಟ್ಟಿ ಕಟ್ಟುವ ನರ್ಸು ನಾನು, ಮಂಗಳವಾರದವಳು.

"ಮೊದಲು ಇದು," ಎಂದಳು.
ಮೇಜಿನ ಮೇಲೆ ಏಳು ಮೊಟ್ಟೆ,
ಹುರಿದ ಹುಣಸೆಬೀಜದ ಬಣ್ಣ.

ನರಿ ಹುಂಜವನ್ನು ಒಯ್ದು ಒಂಬತ್ತು ದಿನ.
ಜಗಳಗಂಟ, ನನ್ನ ಮೀನಖಂಡಕ್ಕೂ ಕುಕ್ಕಿದ್ದ.
ಬೇಲಿಯಲ್ಲಿ ಮೂರು ಗರಿ ಇನ್ನೂ ಇವೆ.
ಹ್ಯಾಟೆಗಳು ಮಾತ್ರ ಏನೂ ಆಗಿಲ್ಲವೆಂಬಂತೆ
ಇಡುತ್ತಲೇ ಇವೆ.

ಅವನು ಇದರೊಳಗೆ ಇದ್ದಾನೋ, ಇಲ್ಲವೋ?
ಕಾವು ತಗಲುವ ಮುನ್ನ ಟಾರ್ಚಿಗೆ ಕಾಣದು.
ಒಡೆದೇ ನೋಡಬೇಕು.

ಅಂಚಿಗೆ ಟಕ್. ಸಾಸರಿನಲ್ಲಿ ಹಳದಿ ನಿಂತಿತು.
ಭೂತಗನ್ನಡಿ ನನಗೇ ದಾಟಿಸಿದಳು.
ಬರಿ ಚುಕ್ಕಿಯಾದರೆ ಬರಡು.
ಇದಕ್ಕೆ ಸುತ್ತ ಒಂದು ಬಳೆ,
'ಅಂ' ಬರೆದಾಗ ಪಕ್ಕದಲ್ಲಿ ಕೂರುವ ಸೊನ್ನೆ,
ತಾನೊಂದೇ ಆದರೆ ಉಸಿರೇ ಇಲ್ಲದ್ದು.

"ಇದೆ," ಎಂದೆ.
ಅವಳು ಸಾಸರನ್ನೇ ನೋಡುತ್ತಿದ್ದಳು.
ಇದೆಯೆಂದು ಗೊತ್ತಾದ ಒಂದೇ ಒಂದು
ಇನ್ನು ಮರಿಯಾಗದು.
ಉಳಿದ ಆರು? ಅನ್ನವಾಗಿದ್ದರೆ
ಒಂದಗುಳು ಹಿಸುಕಿದರೆ ಸಾಕಿತ್ತು.

ಬಾಣಲೆಗೆ ಬೆಣ್ಣೆ ಬಿತ್ತು. ನನಗರ್ಧ, ಅವಳಿಗರ್ಧ.
ಬೇಡವೆನ್ನಲು ಬಾಯಿ ಬರಲಿಲ್ಲ.

ಆರಕ್ಕೂ ಪೆನ್ಸಿಲ್ಲಿನ ಗುರುತು ಹಾಕಿ
ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕಾಲು ಚಾಚಿದಳು.
ನಾನು ಪಟ್ಟಿ ಸುತ್ತುತ್ತಿರುವಾಗ
ನನ್ನ ಡೈರಿ ಎಳೆದುಕೊಂಡು, ಬೆರಳೆಣಿಸಿ,
ತಾನೇ ಬರೆದಳು:
ಇಪ್ಪತ್ತೊಂದನೆಯ ದಿನ. ಅದೂ ಮಂಗಳವಾರವೇ.
ಹುಣ್ಣು ಮಾಯ್ದಿದ್ದರೂ ಬಾ.